ಲ್ಯಾಬಿನ ಗಡಿಯಾರವನ್ನು ಕೈಯಿಂದ ತಿದ್ದಬೇಡಿ

ಬೇಸಗೆ ರಜೆ ಮುಗಿದು ಜೂನಿನಲ್ಲಿ ಶಾಲೆ ತೆರೆದಾಗ ಲ್ಯಾಬಿನ ಕಂಪ್ಯೂಟರುಗಳನ್ನು ಒಂದೊಂದಾಗಿ ಆನ್ ಮಾಡಿ, ಪರದೆಯ ಮೂಲೆಯಲ್ಲಿರುವ ಸಮಯವನ್ನು ಮಾತ್ರ ನೋಡುತ್ತಾ ಹೋಗಿ. ಹತ್ತು ಕಂಪ್ಯೂಟರ್ ಇದ್ದರೆ ಹತ್ತು ಸಮಯ. ಒಂದು ಎರಡು ನಿಮಿಷ ಹಿಂದೆ, ಇನ್ನೊಂದು ಒಂದೂವರೆ ನಿಮಿಷ ಮುಂದೆ, ಮೂಲೆಯ ಹಳೇದರಲ್ಲಿ ಇಸವಿಯೇ ಬೇರೆ. ಆಗ ತರಗತಿಯ ಯಾರಾದರೂ ಚುರುಕು ಹುಡುಗ ಮುಂದೆ ಬಂದು, ಗೋಡೆ ಗಡಿಯಾರ ನೋಡಿ ಅಂಕಿ ಬದಲಾಯಿಸಿ, "ಸರಿಯಾಯ್ತು ಸರ್" ಅಂತಾನೆ. ನನ್ನ ತಕರಾರು ಇರುವುದು ಅಲ್ಲೇ. ಗೋಡೆ ಗಡಿಯಾರ ಸರಿ ಉಂಟು ಅಂತ ಅವನಿಗೆ ಯಾರು ಹೇಳಿದರು? ಅಂಕಿ ಬದಲಾಯಿತು, ಅಷ್ಟೇ. ತಪ್ಪು ಎಷ್ಟಿತ್ತು, ಯಾಕೆ ಬಂತು, ನಾಳೆ ಮತ್ತೆ ಎಷ್ಟಾಗ್ತದೆ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಗಲಿಲ್ಲ.

ಕೇರಳದ ಸರಕಾರಿ ಶಾಲೆಗಳ ಲ್ಯಾಬುಗಳಲ್ಲಿ ಇರುವುದು ಲಿನಕ್ಸ್. ಗಡಿಯಾಚೆಯ ಬೇರೆ ಕನ್ನಡ ಶಾಲೆಗಳಲ್ಲಿ ಬೇರೆ ವ್ಯವಸ್ಥೆ ಇರಬಹುದು, ಆದರೆ ನಾನು ಹೇಳುವ ವಿಷಯ ಎಲ್ಲಕ್ಕೂ ಒಂದೇ. ಲಿನಕ್ಸಿಗೆ ತನ್ನ ಗಡಿಯಾರವನ್ನು ತಾನೇ ಸರಿಮಾಡಿಕೊಳ್ಳಲು ಬರುತ್ತದೆ, ನೆಟ್‌ವರ್ಕಿನಲ್ಲಿ ಇನ್ನೊಂದು ಗಡಿಯಾರವನ್ನು ಕೇಳಿ. ಅದನ್ನು ಕೇಳಲು ಬಿಡಬೇಕು, ಎಷ್ಟು ತಪ್ಪಿತ್ತೆಂದು ಓದಲು ನಾವು ಕಲಿಯಬೇಕು. ಇದು ಕಂಪ್ಯೂಟರ್ ಪೀರಿಯಡ್ಡಿನ ಸಂಗತಿಯಲ್ಲ, ವಿಜ್ಞಾನದ ಸಂಗತಿ ಎಂಬುದು ನನ್ನ ವಾದ.

"ಮಾಷ್ಟ್ರೆ, ಎರಡು ನಿಮಿಷ ಹೆಚ್ಚುಕಮ್ಮಿ ಆದರೆ ಏನಾಗ್ತದೆ?" ಎಂದು ನೀವು ಕೇಳಬಹುದು. ಹೇಳ್ತೇನೆ.

ಭಾರತದ ಅಧಿಕೃತ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಾಸರಗೋಡು ಪಟ್ಟಣ ಇರುವುದು ಸುಮಾರು 75 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹಾಗಾಗಿ ನಮ್ಮ ನೆತ್ತಿಯ ಮಧ್ಯಾಹ್ನ ಗಡಿಯಾರದ 12 ಗಂಟೆಗಲ್ಲ, ಸರಾಸರಿ 12.30ಕ್ಕೆ ಆಗುವುದು. ಇದನ್ನೇ ತಿರುಗಿಸಿದರೆ ಒಂದು ಒಳ್ಳೆಯ ಪ್ರಯೋಗ. ಅಂಗಳದಲ್ಲಿ ಕೋಲು ನೆಟ್ಟು, ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಗುರುತಿಸಿ, ನಿಮ್ಮ ಶಾಲೆಯ ರೇಖಾಂಶವನ್ನು ನೀವೇ ಕಂಡುಹಿಡಿಯಬಹುದು. 

ಈಗ ನಿಮ್ಮ ಗಡಿಯಾರ ನಾಲ್ಕು ನಿಮಿಷ ಮುಂದೆ ಇದೆ ಎಂದಿಟ್ಟುಕೊಳ್ಳಿ. ಲೆಕ್ಕದಲ್ಲಿ ಶಾಲೆ ಒಂದು ಡಿಗ್ರಿ ಪಶ್ಚಿಮಕ್ಕೆ ಜಾರುತ್ತದೆ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 108 ಕಿಲೋಮೀಟರ್. ಅಂದರೆ ನಿಮ್ಮ ಶಾಲೆ ಅರಬಿ ಸಮುದ್ರದ ನಡುವೆ! ಗಡಿಯಾರ ನಾಲ್ಕು ನಿಮಿಷ ಹಿಂದೆ ಇದ್ದರೆ ಘಟ್ಟ ಹತ್ತಿ ಮಡಿಕೇರಿ ದಾಟಿ ಕುಶಾಲನಗರದ ಹತ್ತಿರ ಹೋಗಿ ಕೂರುತ್ತದೆ. ಕೋಲು ನೆಟ್ಟಗೆ ನಿಲ್ಲಿಸಿದ್ದೀರಿ, ನೆರಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದಿದ್ದೀರಿ, ಬಿಸಿಲಲ್ಲಿ ಎರಡು ಗಂಟೆ ನಿಂತಿದ್ದೀರಿ. ಎಲ್ಲ ಸರಿ. ಗಡಿಯಾರ ಮಾತ್ರ ಸುಳ್ಳು ಹೇಳಿತು, ಉಳಿದದ್ದೆಲ್ಲ ಅದರ ಜೊತೆ ಮುಳುಗಿತು.

ಸರಿ, ಗಡಿಯಾರ ಯಾಕೆ ತಪ್ಪುತ್ತದೆ? ಕಂಪ್ಯೂಟರಿನಲ್ಲಿ ಗಡಿಯಾರ ಒಂದಲ್ಲ, ಎರಡು. ಮದರ್‌ಬೋರ್ಡಿನ ಮೇಲೆ ಒಂದು ಚಿಕ್ಕ ಗಡಿಯಾರ ಉಂಟು. ಕರೆಂಟ್ ಇಲ್ಲದಾಗಲೂ ನಾಣ್ಯದಂಥ ಒಂದು ಸೆಲ್ಲಿನ ಬಲದಲ್ಲಿ ಅದು ಓಡುತ್ತಿರುತ್ತದೆ. ಕಂಪ್ಯೂಟರ್ ಆನ್ ಆದಾಗ ಲಿನಕ್ಸ್ ಅದನ್ನು ಒಮ್ಮೆ ನೋಡಿ, ಆಮೇಲೆ ತನ್ನದೇ ಲೆಕ್ಕದಲ್ಲಿ ಎಣಿಸುತ್ತಾ ಹೋಗುತ್ತದೆ. ಆ ಚಿಕ್ಕ ಗಡಿಯಾರದೊಳಗೆ ಇರುವುದು ಸೆಕೆಂಡಿಗೆ 32,768 ಬಾರಿ ಕಂಪಿಸುವ ಒಂದು ಕ್ವಾರ್ಟ್ಸ್ ಹರಳು. ಈ ಸಂಖ್ಯೆ ಎಲ್ಲಿಂದ ಬಂತೆಂದು ಯೋಚಿಸಿ: 2ನ್ನು 15 ಬಾರಿ ಗುಣಿಸಿದರೆ ಅಷ್ಟೇ ಬರುತ್ತದೆ. ಹದಿನೈದು ಸಲ ಅರ್ಧ ಮಾಡುತ್ತಾ ಬಂದರೆ ಸೆಕೆಂಡಿಗೆ ಒಂದು ಮಿಡಿತ ಉಳಿಯುತ್ತದೆ.

ಆದರೆ ಹರಳು ಹರಳೇ. ಅದನ್ನು ಕತ್ತರಿಸುವಾಗಿನ ಸಣ್ಣ ವ್ಯತ್ಯಾಸ, ವಯಸ್ಸು, ಬಿಸಿ, ತಂಪು ಎಲ್ಲವೂ ಅದಕ್ಕೆ ತಾಗುತ್ತದೆ. ಈ ಬಗೆಯ ಹರಳು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅತಿ ವೇಗವಾಗಿ ಕಂಪಿಸುತ್ತದೆ. ಅದಕ್ಕಿಂತ ಸೆಕೆಯಾದರೂ ನಿಧಾನ, ಚಳಿಯಾದರೂ ನಿಧಾನ. ಹತ್ತು ಲಕ್ಷದಲ್ಲಿ 20 ಭಾಗ ತಪ್ಪು ಎಂದರೆ ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಒಂದು ದಿನಕ್ಕೆ 86,400 ಸೆಕೆಂಡು, ಗುಣಿಸಿ ನೋಡಿ: ದಿನಕ್ಕೆ 1.7 ಸೆಕೆಂಡು. ಎರಡು ತಿಂಗಳ ರಜೆಗೆ ನೂರು ಸೆಕೆಂಡಿಗಿಂತ ಹೆಚ್ಚು. ಮೇಲಿನ ಲೆಕ್ಕಕ್ಕೆ ಹಾಕಿದರೆ ಸುಮಾರು 47 ಕಿಲೋಮೀಟರ್.

ತಪ್ಪಿನ ಗಾತ್ರ ನೋಡಿಯೇ ರೋಗ ಹೇಳಬಹುದು, ನಾಡಿ ಹಿಡಿದ ಹಾಗೆ. ಸೆಕೆಂಡು, ನಿಮಿಷಗಳ ತಪ್ಪಾದರೆ ಹರಳಿನ ಸಹಜ ಜಾರುವಿಕೆ. ಇಸವಿಯೇ ಹಿಂದಕ್ಕೆ ಹೋಗಿದ್ದರೆ ಸೆಲ್ ಸತ್ತಿದೆ ಎಂದು ಅರ್ಥ, ಹೊಸದು ಹಾಕಿಸಿ. ತಪ್ಪು ಸರಿಯಾಗಿ ಐದೂವರೆ ಗಂಟೆ ಇದ್ದರೆ? ಆಗ ಹರಳಿಗೂ ಸೆಲ್ಲಿಗೂ ಬೈಯಬೇಡಿ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದಲ್ಲಿ ಇದು ಕಾಣುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಇರುವುದು ವಿಶ್ವಸಮಯ ಎಂದು ಲಿನಕ್ಸ್ ಸಾಮಾನ್ಯವಾಗಿ ತಿಳಿಯುತ್ತದೆ, ಊರಿನ ಸಮಯ ಎಂದು ವಿಂಡೋಸ್ ತಿಳಿಯುತ್ತದೆ. ನಮ್ಮ ಸಮಯ ವಿಶ್ವಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಒಂದೇ ಪುಸ್ತಕದಲ್ಲಿ ಇಬ್ಬರು ಎರಡು ಭಾಷೆಯಲ್ಲಿ ಲೆಕ್ಕ ಬರೆದ ಹಾಗೆ! ಗಡಿನಾಡಿನ ನಮಗೆ ಇದು ಹೊಸತೇನಲ್ಲ.

ಇಸವಿ ತಪ್ಪಿದ ಕಂಪ್ಯೂಟರಿನಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಬ್ರೌಸರ್ ತೆರೆದರೆ ಯಾವ ಸೈಟೂ ಬರುವುದಿಲ್ಲ, "ನೆಟ್ ಇಲ್ಲ ಸರ್" ಎಂಬ ಕೂಗು. ನೆಟ್ ಉಂಟು. ಸುರಕ್ಷಿತ ಸೈಟುಗಳು ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಮ್ಮ ಕಂಪ್ಯೂಟರ್ ತಾನಿನ್ನೂ ಹದಿನೈದು ವರ್ಷ ಹಿಂದೆ ಇದ್ದೇನೆ ಎಂದು ನಂಬಿದ್ದರೆ ಆ ಪತ್ರ ಅದಕ್ಕೆ ಇನ್ನೂ ಹುಟ್ಟದ ಪತ್ರ. ಅದಕ್ಕೇ ಬಾಗಿಲು ಹಾಕುತ್ತದೆ.

ಇನ್ನು ಕೇಳುವ ವಿಧಾನಕ್ಕೆ ಬರೋಣ. ನನಗೆ ಅತಿ ಇಷ್ಟದ ಭಾಗ ಇದು.

ಲ್ಯಾಬಿನ ಗಡಿಯಾರ ತಪ್ಪಿದೆ, ಆಫೀಸ್ ರೂಮಿನದು ಸರಿ ಉಂಟು ಎಂದುಕೊಳ್ಳಿ. ಒಬ್ಬಳನ್ನು ಸಮಯ ಕೇಳಿಕೊಂಡು ಬಾ ಎಂದು ಓಡಿಸುತ್ತೀರಿ. ಅವಳು ಬಂದು "10 ಗಂಟೆ 3 ನಿಮಿಷ" ಎನ್ನುವಾಗ ಆ ಸಮಯ ಹಳಸಿದೆ, ಯಾಕೆಂದರೆ ಓಡಿ ಬರಲು ಹೊತ್ತು ಹಿಡಿಯಿತು. ಎಷ್ಟು ಹೊತ್ತು? ತಪ್ಪಿದ ಗಡಿಯಾರ ಮಾತ್ರ ಕೈಯಲ್ಲಿರುವಾಗ ಅದನ್ನು ಹೇಗೆ ಅಳೆಯುವುದು? ಉಪಾಯ ಇದು, ನಾಲ್ಕು ಸಮಯ ಬರೆದುಕೊಳ್ಳಿ. ಹುಡುಗಿ ಹೊರಟಾಗ ಲ್ಯಾಬಿನ ಗಡಿಯಾರದಲ್ಲಿ 10 ಗಂಟೆ 0 ನಿಮಿಷ 0 ಸೆಕೆಂಡು. ಅವಳು ಆಫೀಸ್ ರೂಮಿಗೆ ಮುಟ್ಟಿದಾಗ ಅಲ್ಲಿನ ಗಡಿಯಾರದಲ್ಲಿ 10 ಗಂಟೆ 3 ನಿಮಿಷ 2 ಸೆಕೆಂಡು. ಅಲ್ಲಿಂದ ಹೊರಟಾಗ ಅದರಲ್ಲಿ 10 ಗಂಟೆ 3 ನಿಮಿಷ 3 ಸೆಕೆಂಡು. ವಾಪಸ್ ಬಂದಾಗ ಲ್ಯಾಬಿನಲ್ಲಿ 10 ಗಂಟೆ 0 ನಿಮಿಷ 5 ಸೆಕೆಂಡು.

ಲ್ಯಾಬಿನ ಲೆಕ್ಕದಲ್ಲಿ ಒಟ್ಟು 5 ಸೆಕೆಂಡು ಕಳೆಯಿತು. ಅದರಲ್ಲಿ 1 ಸೆಕೆಂಡು ಆಫೀಸ್ ರೂಮಿನೊಳಗೆ ಹೋಯಿತು. ಉಳಿದ 4 ಸೆಕೆಂಡು ದಾರಿ. ಹೋಗಲು 2, ಬರಲು 2 ಎಂದು ಹಿಡಿಯಿರಿ. ಹಾಗಿದ್ದರೆ ಅವಳು ಆಫೀಸ್ ಮುಟ್ಟಿದಾಗ ಲ್ಯಾಬಿನಲ್ಲಿ 10 ಗಂಟೆ ದಾಟಿ 2 ಸೆಕೆಂಡು, ಆಫೀಸಿನಲ್ಲಿ 10 ಗಂಟೆ 3 ನಿಮಿಷ 2 ಸೆಕೆಂಡು. ಲ್ಯಾಬಿನ ಗಡಿಯಾರ ಸರಿಯಾಗಿ 3 ನಿಮಿಷ ಹಿಂದೆ! ತಪ್ಪಿದ ಗಡಿಯಾರದಿಂದಲೇ ಅದರ ತಪ್ಪನ್ನು ಹೊರಗೆ ತೆಗೆದೆವು. ಯಾಕೆಂದರೆ ಅದು ಹೇಳುವ ಸಮಯ ತಪ್ಪಾದರೂ ಐದು ಸೆಕೆಂಡಿನಷ್ಟು ಚಿಕ್ಕ ಅಂತರವನ್ನು ಅದು ಸಾಕಷ್ಟು ಸರಿಯಾಗಿಯೇ ಅಳೆಯುತ್ತದೆ.

ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್, ಅಂದರೆ ಎನ್‌ಟಿಪಿ, ಮಾಡುವುದು ಇದನ್ನೇ. ಓಡುವ ಹುಡುಗಿಯ ಬದಲು ಒಂದು ಪುಟ್ಟ ಪ್ಯಾಕೆಟ್. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಪ್ರೊಫೆಸರ್ ಡೇವಿಡ್ ಮಿಲ್ಸ್ ಇದನ್ನು ರೂಪಿಸಿದವರು. 1985ರಲ್ಲಿ ಮೊದಲ ದಾಖಲೆ ಬಂತು, ಈಗ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ದಾಖಲೆ 2010ರದ್ದು. ಹುಟ್ಟಿನಿಂದಲೇ ಕಣ್ಣಿನ ತೊಂದರೆ ಇದ್ದ ಮಿಲ್ಸ್ ಕೊನೆಕೊನೆಗೆ ದೃಷ್ಟಿಯನ್ನೇ ಕಳೆದುಕೊಂಡರು. 2024ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಪಠ್ಯಪುಸ್ತಕಗಳಲ್ಲಿ ಇಂಥವರ ಹೆಸರು ಬರುವುದಿಲ್ಲ, ಬರಬೇಕಿತ್ತು.

ಈ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ, ಗಮನಿಸಿದಿರಾ? ಹೋಗುವ ಹೊತ್ತೂ ಬರುವ ಹೊತ್ತೂ ಸಮ ಎಂದು ಹಿಡಿದೆವು. ಹೋಗಲು 1, ಬರಲು 3 ಸೆಕೆಂಡು ಆಗಿದ್ದರೆ ನಮ್ಮ ಉತ್ತರ ಒಂದು ಸೆಕೆಂಡು ತಪ್ಪು. ಎಷ್ಟೇ ಓರೆಯಾದರೂ ದಾರಿಯ ಹೊತ್ತಿನ ಅರ್ಧಕ್ಕಿಂತ ಹೆಚ್ಚು ತಪ್ಪಲು ಸಾಧ್ಯವಿಲ್ಲ. ಅಂದರೆ ಉತ್ತರದ ಜೊತೆಗೆ ಅದರ ದೋಷದ ಮಿತಿಯೂ ಕೈಗೆ ಬರುತ್ತದೆ. ಅಳತೆ ಎಂದರೆ ಹೀಗಿರಬೇಕು ಎಂದು ನನಗೆ ಅನ್ನಿಸುವುದು.

ಒಬ್ಬರನ್ನೇ ನಂಬುವುದೂ ತಪ್ಪು. 2012ರ ನವೆಂಬರ್ 19ರಂದು ಅಮೆರಿಕದ ನೌಕಾಪಡೆಯ ವೀಕ್ಷಣಾಲಯದ ಎನ್‌ಟಿಪಿ ಸರ್ವರುಗಳು ಸ್ವಲ್ಪ ಹೊತ್ತು ಇಸವಿಯನ್ನು 2000 ಎಂದು ಹೇಳಿಬಿಟ್ಟವು. ಜಗತ್ತಿನ ಅತಿ ನಂಬಿಕಸ್ಥ ಗಡಿಯಾರಗಳಿರುವ ಸಂಸ್ಥೆ ಅದು! ಅದನ್ನಷ್ಟೇ ಕಣ್ಣುಮುಚ್ಚಿ ನಂಬಿದವರ ಕಂಪ್ಯೂಟರುಗಳು ಹನ್ನೆರಡು ವರ್ಷ ಹಿಂದಕ್ಕೆ ಹೋದವು. ಬೇರೆ ಸರ್ವರುಗಳನ್ನೂ ಕೇಳಿ ತಾಳೆ ನೋಡುತ್ತಿದ್ದವರಿಗೆ ಏನೂ ಆಗಲಿಲ್ಲ. ಒಂದೇ ಗಡಿಯಾರ ಇದ್ದರೆ ಅದು ತಪ್ಪೆಂದು ಗೊತ್ತೇ ಆಗುವುದಿಲ್ಲ. ಎರಡಿದ್ದರೆ ಒಂದು ತಪ್ಪೆಂದು ಗೊತ್ತಾಗುತ್ತದೆ, ಯಾವುದೆಂದು ಗೊತ್ತಾಗುವುದಿಲ್ಲ. ಮೂರು, ನಾಲ್ಕು ಇದ್ದರೆ ಕಳ್ಳ ಸಿಕ್ಕಿಬೀಳುತ್ತಾನೆ. ನಮ್ಮ ದೇಶದಲ್ಲಿ ಅಧಿಕೃತ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದರ ಸಮಯದ ಸರ್ವರನ್ನೂ ನಿಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳಿ, ಜೊತೆಗೆ ಇನ್ನೂ ಮೂರು ಇರಲಿ.

ತಪ್ಪು ಗೊತ್ತಾದ ಮೇಲೆ ತಿದ್ದುವ ಕ್ರಮವೂ ನೋಡುವಂಥದ್ದು. ಕೈಯಿಂದ ತಿದ್ದಿದರೆ ಸಮಯ ಜಿಗಿಯುತ್ತದೆ. ನೀವು ನಿಮಿಷಕ್ಕೊಮ್ಮೆ ಉಷ್ಣತೆ ದಾಖಲಿಸುತ್ತಿದ್ದೀರಿ, ನಡುವೆ ಯಾರೋ ಗಡಿಯಾರವನ್ನು ಮೂರು ನಿಮಿಷ ಹಿಂದಕ್ಕೆ ಇಟ್ಟರು. ನಿಮ್ಮ ಗ್ರಾಫ್ ಗಾಳದ ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗುತ್ತದೆ, ಒಂದೇ ಹೊತ್ತಿಗೆ ಎರಡೆರಡು ಉಷ್ಣತೆ. ಎನ್‌ಟಿಪಿ ಚಿಕ್ಕ ತಪ್ಪನ್ನು ಹಾಗೆ ತಿದ್ದುವುದಿಲ್ಲ. ಗಡಿಯಾರವನ್ನು ಒಂಚೂರು ವೇಗ ಅಥವಾ ಒಂಚೂರು ನಿಧಾನ ಮಾಡಿ ಸಮಕ್ಕೆ ತರುತ್ತದೆ. ರೂಢಿಯ ಮಿತಿ ಸೆಕೆಂಡಿಗೆ ಅರ್ಧ ಮಿಲಿಸೆಕೆಂಡು. ಆ ಲೆಕ್ಕದಲ್ಲಿ ಒಂದು ಸೆಕೆಂಡಿನ ತಪ್ಪು ತೀರಲು 33 ನಿಮಿಷ ಬೇಕು. ಮೂರು ನಿಮಿಷದ ತಪ್ಪಿಗಾದರೆ ನೂರು ಗಂಟೆ! ಹಾಗಾಗಿ ದೊಡ್ಡ ತಪ್ಪಿದ್ದರೆ ಕಂಪ್ಯೂಟರ್ ಆನ್ ಆದ ಕೂಡಲೇ, ಕೆಲಸ ಶುರುವಾಗುವ ಮೊದಲು, ಒಂದೇ ಜಿಗಿತಕ್ಕೆ ಸರಿಮಾಡಿ ಆಮೇಲೆ ಮೆಲ್ಲ ನಡೆಸುವುದು ಕ್ರಮ.

ಮಾಡಬೇಕಾದ್ದು ಬಹಳ ಇಲ್ಲ. ಟರ್ಮಿನಲ್ ತೆರೆದು ಟೈಮ್‌ಡೇಟ್‌ಸಿಟಿಎಲ್ ಎಂದು ಒಂದೇ ಪದವಾಗಿ ಹೊಡೆಯಿರಿ. ಬರುವ ಸಾಲುಗಳಲ್ಲಿ ಮೂರನ್ನು ನೋಡಿ: ಟೈಮ್ ಝೋನ್ ಏಷ್ಯಾ/ಕೋಲ್ಕತಾ ಇರಬೇಕು, ಗಡಿಯಾರ ಸಿಂಕ್ರೊನೈಸ್ ಆಗಿದೆಯೇ ಎಂಬಲ್ಲಿ ಯೆಸ್ ಇರಬೇಕು, ಎನ್‌ಟಿಪಿ ಸರ್ವಿಸ್ ಆ್ಯಕ್ಟಿವ್ ಇರಬೇಕು. ಉಬುಂಟು ಬಗೆಯ ಲಿನಕ್ಸ್ ಆದರೆ ಅದೇ ಪದದ ಮುಂದೆ ಜಾಗ ಬಿಟ್ಟು ಟೈಮ್‌ಸಿಂಕ್-ಸ್ಟೇಟಸ್ ಎಂದು ಸೇರಿಸಿ. ಆಫ್‌ಸೆಟ್ ಎಂಬ ಸಾಲಿನಲ್ಲಿ ಗಡಿಯಾರದ ತಪ್ಪು, ಡಿಲೇ ಎಂಬ ಸಾಲಿನಲ್ಲಿ ದಾರಿಯ ಹೊತ್ತು. ನಮ್ಮ ಓಡುವ ಹುಡುಗಿ ತಂದ ಎರಡು ಸಂಖ್ಯೆಗಳು ಇವೇ. ಏನಾದರೂ ಬದಲಾಯಿಸುವುದಿದ್ದರೆ ಲ್ಯಾಬಿನ ಟೀಚರನ್ನು ಕೇಳಿ, ಪಾಸ್‌ವರ್ಡ್ ಅವರ ಹತ್ತಿರ ಇರುತ್ತದೆ.

"ನಮ್ಮ ಶಾಲೆಯಲ್ಲಿ ನೆಟ್ ಇರುವುದೇ ಅಪರೂಪ, ಮಳೆ ಬಂದರೆ ಮೂರು ದಿನ ಇಲ್ಲ" ಎನ್ನುವವರೇ ಹೆಚ್ಚು. ಅವರಿಗಾಗಿ ನನ್ನ ಸಲಹೆ ಕ್ರೋನಿ. ಇದೂ ಎನ್‌ಟಿಪಿಯ ಒಂದು ಪ್ರೋಗ್ರಾಂ, ಬಂದುಹೋಗುವ ನೆಟ್ ಇರುವಲ್ಲಿಗೆ ಹೇಳಿ ಮಾಡಿಸಿದ ಹಾಗೆ ಇದೆ. ನೆಟ್ ಇರುವಾಗ ಅದು ಸಮಯವನ್ನಷ್ಟೇ ಕೇಳುವುದಿಲ್ಲ, ತನ್ನ ಹರಳಿನ ಗುಣವನ್ನೂ ಕಲಿಯುತ್ತದೆ: ಈ ಕಂಪ್ಯೂಟರ್ ಹತ್ತು ಲಕ್ಷಕ್ಕೆ ಇಷ್ಟು ಭಾಗ ಮುಂದೆ ಓಡುತ್ತದೆ ಎಂದು ಒಂದು ಫೈಲಿನಲ್ಲಿ ಬರೆದಿಡುತ್ತದೆ. ನೆಟ್ ಹೋದ ಮೇಲೂ ಆ ಲೆಕ್ಕದಲ್ಲಿ ತಿದ್ದಿಕೊಳ್ಳುತ್ತಲೇ ಇರುತ್ತದೆ. ಲ್ಯಾಬಿನ ಒಂದು ಕಂಪ್ಯೂಟರಿಗೆ ಕ್ರೋನಿ ಹಾಕಿಸಿ, ಉಳಿದವು ಅದನ್ನೇ ಕೇಳಲಿ. ಹೊರಗಿನ ಸಂಪರ್ಕ ಪೂರ್ತಿ ಕಡಿದರೂ ಲ್ಯಾಬಿನೊಳಗೆ ಎಲ್ಲರದೂ ಒಂದೇ ಸಮಯ ಇರುತ್ತದೆ. ಹತ್ತು ಮಂದಿ ಹೊರಗೆ ಹೋಗಿ ಒಂದೇ ಪ್ರಶ್ನೆ ಕೇಳುವ ಗದ್ದಲವೂ ತಪ್ಪುತ್ತದೆ. ಸಮಯ ಕೊಡುವ ಸರ್ವರುಗಳು ಬಹಳಷ್ಟು ಪುಕ್ಕಟೆ ಸೇವೆ. ಅವಸರಪಟ್ಟು ಸೆಕೆಂಡಿಗೊಮ್ಮೆ ಕೇಳುವುದು ಅಸಭ್ಯತನ. ಎನ್‌ಟಿಪಿ ಸಾಮಾನ್ಯವಾಗಿ 64 ಸೆಕೆಂಡಿಗೊಮ್ಮೆ ಕೇಳಲು ತೊಡಗಿ, ಸಮಯ ಹದಕ್ಕೆ ಬಂದಂತೆ 1,024 ಸೆಕೆಂಡಿಗೊಮ್ಮೆ ಕೇಳುತ್ತದೆ.

ನನ್ನ ಸಹೋದ್ಯೋಗಿಗಳಲ್ಲೇ ಕೆಲವರು ಹೇಳುವುದುಂಟು: "ಶಾಲೆಗೆ ಮಿಲಿಸೆಕೆಂಡು ಯಾಕೆ? ಬೆಲ್ ಹೊಡೆಯಲು ಇಷ್ಟೆಲ್ಲ ಬೇಕಾ?" ಬೆಲ್ ಹೊಡೆಯಲು ಬೇಡ, ಒಪ್ಪಿದೆ. ಮಿಲಿಸೆಕೆಂಡಿನ ಹುಚ್ಚು ನನಗೂ ಇಲ್ಲ. ಒಂದು ಸೆಕೆಂಡಿನೊಳಗೆ ಇದ್ದರೆ ನಮ್ಮ ಯಾವ ಪ್ರಯೋಗಕ್ಕೂ ಸಾಕು. ಎಲ್ಲರ ಕಿಸೆಯಲ್ಲಿ ಮೊಬೈಲ್ ಇರುವಾಗ ಅದನ್ನೇ ನೋಡಬಾರದಾ ಎಂದರೆ, ನೋಡಿ. ಆದರೆ ಮೊಬೈಲೂ ಸಮಯವನ್ನು ನೆಟ್‌ವರ್ಕಿನಿಂದಲೇ ತರುವುದು, ತಪ್ಪು ಎಷ್ಟೆಂದು ನಿಮಗೆ ಸುಲಭದಲ್ಲಿ ತೋರಿಸುವುದೂ ಇಲ್ಲ. ಲಿನಕ್ಸ್ ತೋರಿಸುತ್ತದೆ. ಸ್ಕೇಲ್ ಹಿಡಿಯುವ ಮೊದಲು ಅದರ ತುದಿ ಸವೆದಿದೆಯೇ ನೋಡಿ ಎನ್ನುತ್ತೇವೆ, ತಕ್ಕಡಿಯ ಮುಳ್ಳು ಸೊನ್ನೆಗೆ ಬಂದಿದೆಯೇ ನೋಡಿ ಎನ್ನುತ್ತೇವೆ. ಗಡಿಯಾರವೊಂದಕ್ಕೆ ಮಾತ್ರ ಯಾಕೆ ಈ ರಿಯಾಯಿತಿ?

ನಮ್ಮಂಥ ಶಾಲೆಗಳಿಗೆ ಇದು ಇನ್ನೂ ಮುಖ್ಯ. ನಾವು ಹಂಚಿಹೋಗಿದ್ದೇವೆ. ಕಾಸರಗೋಡಿನಲ್ಲಿ ಒಂದಷ್ಟು, ಸೊಲ್ಲಾಪುರದ ಕಡೆ ಒಂದಷ್ಟು, ತಾಳವಾಡಿ, ಹೊಸೂರು, ಆದೋನಿ, ಮಡಕಶಿರಾ. ಪಠ್ಯ ಬೇರೆ, ಪರೀಕ್ಷಾ ಮಂಡಳಿ ಬೇರೆ, ರಜೆಯೂ ಬೇರೆ. ಆದರೆ ಈ ಹಂಚಿಹೋಗುವಿಕೆಯೇ ಒಂದು ಪ್ರಯೋಗಶಾಲೆ ಆಗಬಹುದು. ಹೊಸೂರಿನ ಮಧ್ಯಾಹ್ನ ಕಾಸರಗೋಡಿನದಕ್ಕಿಂತ ಸುಮಾರು 11 ನಿಮಿಷ ಮೊದಲು. ಸೊಲ್ಲಾಪುರದ್ದು ಕಾಸರಗೋಡಿಗಿಂತ ಮೂರೂವರೆ ನಿಮಿಷದಷ್ಟೇ ಮೊದಲು. ಎರಡೂ ಕಡೆ ಗಡಿಯಾರ ಎರಡೆರಡು ನಿಮಿಷ ವಿರುದ್ಧ ದಿಕ್ಕಿಗೆ ತಪ್ಪಿದರೆ ಆ ವ್ಯತ್ಯಾಸವೇ ಮಾಯ! ಆದೋನಿ ಮತ್ತು ಮಡಕಶಿರಾ ಬಹುತೇಕ ಒಂದೇ ರೇಖಾಂಶದಲ್ಲಿವೆ, ಅಕ್ಷಾಂಶದಲ್ಲಿ ಮಾತ್ರ ಸುಮಾರು 1.7 ಡಿಗ್ರಿ ಅಂತರ. ಅಲ್ಲಿನ ಮಕ್ಕಳು ಒಂದೇ ಹೊತ್ತಿಗೆ ನೆರಳು ಅಳೆದರೆ ಎರಟೋಸ್ಥೆನಿಸ್ ಮಾಡಿದ ಹಾಗೆ ಭೂಮಿಯ ಸುತ್ತಳತೆಯನ್ನೇ ತೆಗೆಯಬಹುದು.

ಬರುವ ಜನವರಿಯಲ್ಲಿ, ಆಕಾಶ ತಿಳಿಯಾಗಿರುವಾಗ, ಇದನ್ನು ಮಾಡಿ ನೋಡೋಣ ಎಂಬುದು ನನ್ನ ಬೇಡಿಕೆ. ನೆರಳು ಅತಿ ಗಿಡ್ಡವಾಗುವ ಕ್ಷಣವನ್ನು ನೇರವಾಗಿ ಹಿಡಿಯಲು ಹೋಗಬೇಡಿ, ಮಧ್ಯಾಹ್ನದ ಹೊತ್ತಿಗೆ ನೆರಳಿನ ಉದ್ದ ಬದಲಾಗುವುದೇ ಇಲ್ಲವೇನೋ ಅನ್ನಿಸುತ್ತದೆ. ನಮ್ಮ ಹಿಂದಿನ ಜ್ಯೋತಿರ್ವಿದರು ಶಂಕು ನೆಟ್ಟು ಮಾಡುತ್ತಿದ್ದ ಉಪಾಯ ಸುಲಭ: ಕೋಲಿನ ಬುಡ ಕೇಂದ್ರವಾಗಿ ನೆಲದಲ್ಲಿ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಸಮಯ, ಮಧ್ಯಾಹ್ನ ದಾಟಿ ಮತ್ತೆ ಮುಟ್ಟಿದ ಸಮಯ, ಎರಡರ ನಡುಬಿಂದು ನಿಮ್ಮ ಮಧ್ಯಾಹ್ನ. ಹೋಗುವುದೂ ಬರುವುದೂ ಸಮ ಎಂದು ಹಿಡಿದು ಅರ್ಧ ಮಾಡುವ ಲೆಕ್ಕ ಇಲ್ಲಿಯೂ ಬಂತಲ್ಲ! ಒಂದರ ಬದಲು ನಾಲ್ಕೈದು ವೃತ್ತ ಎಳೆದು ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ಕಳಿಸುವ ಹಾಳೆಯಲ್ಲಿ ಮೂರು ಕಲಮು ಇರಲಿ: ನೆರಳು ವೃತ್ತ ಮುಟ್ಟಿದ ಸಮಯಗಳು, ಕೋಲು ಮತ್ತು ನೆರಳಿನ ಉದ್ದ, ಆ ದಿನ ಬೆಳಿಗ್ಗೆ ಮತ್ತು ಸಂಜೆ ಲ್ಯಾಬಿನ ಗಡಿಯಾರ ತೋರಿಸಿದ ಆಫ್‌ಸೆಟ್. ಮೂರನೆಯ ಕಲಮು ಖಾಲಿ ಬಿಟ್ಟ ಹಾಳೆಯನ್ನು, ಅದು ನನ್ನ ಶಾಲೆಯದ್ದೇ ಆದರೂ, ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.